ಎತ್ತುಯಂತ್ರದ ಫೋರ್ಕಿನ ಹಲ್ಲುಗಳಿಗೆ ಕವಚವನ್ನು ತೊಡಿಸುವ ಕ್ರಮ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ನಮ್ಮ ನಾಡಿನ ರೈತರು ಎತ್ತುಗಳ ಕೋಡುಗಳಿಗೆ ಹಿತ್ತಾಳೆಯ ಅಣಸನ್ನು ತೊಡಿಸುವುದು ಬಹುಕಾಲದಿಂದ ನಡೆದುಬಂದಿರುವ ವಾಡಿಕೆಯಾಗಿದೆ. ಇದು ಅಂದಕ್ಕೂ ಆಯಿತು. ದನವು ತಲೆಯನ್ನು ಕೊಡವಿದಾಗ ಕೋಡಿನ ಮೊನೆಯು ಮಕ್ಕಳಿಗಾಗಲಿ ಜೊತೆಯ ಎತ್ತಿಗಾಗಲಿ ನಾಟದಂತೆ ಇರುವುದಕ್ಕೂ ಆಯಿತು. ಕತ್ತಿಗೆ ಒರೆಯುಂಟು, ಕುಡುಗೋಲನ್ನು ಮನೆಗೆ ತಂದೊಡನೆ ಮಕ್ಕಳ ಕೈಗೆ ಎಟುಕದ ಹಾಗೆ ಸೂರಿನಲ್ಲಿ ಸಿಕ್ಕಿಸಿಡುವ ರೂಢಿಯುಂಟು. ಇಷ್ಟು ವಿವೇಕವುಳ್ಳ ನಮ್ಮ ಜನರು ಈಚಿನ ವರ್ಷಗಳಲ್ಲಿ ಹಳ್ಳಿಗಳನ್ನು ಹೊಕ್ಕಿರುವ ಒಂದು ಉಪಕರಣದ ವಿಷಯದಲ್ಲಿ ಮಾತ್ರ ಅದೇ ಎಚ್ಚರಿಕೆಯನ್ನು ವಹಿಸದಿರುವುದು ಅಲ್ಲಲ್ಲಿ ಕಂಡುಬರುತ್ತದೆ. ಸದರಿ ಉಪಕರಣವು ಟ್ರಾಕ್ಟರಿನ ಮುಂದುಗಡೆಗೆ ಜೋಡಿಸತಕ್ಕ ಪ್ಯಾಲೆಟ್ ಫೋರ್ಕು.

ಕೆಲವು ವರ್ಷಗಳ ಹಿಂದೆ ಈ ಲೇಖಕನು ಸರ್ಕೀಟಿನಲ್ಲಿದ್ದಾಗ ಒಂದು ಗ್ರಾಮದ ಅನುಕೂಲಸ್ಥರಾದ ಜಮೀನುದಾರರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದನು. ಅವರ ಟ್ರಾಕ್ಟರು ಮನೆಯ ಮುಂದಿನ ಓಣಿಯಲ್ಲಿ ನಿಂತಿತ್ತು; ಅದರ ಫೋರ್ಕಿನ ಎರಡು ಹಲ್ಲುಗಳು ಮೊಣಕಾಲಿನೆತ್ತರದಲ್ಲಿ ಓಣಿಗೆ ಚಾಚಿಕೊಂಡಿದ್ದುವು. ಸಂಜೆ ಮಬ್ಬುಗತ್ತಲಾಗುತ್ತಿರುವಾಗ ಹೊಲದಿಂದ ಹಿಂದಿರುಗುತ್ತಿದ್ದ ಅವರದೇ ಜೋಡಿಯಲ್ಲಿ ಒಂದು ಎತ್ತು ನಾಯಿಯ ಬೊಗಳಿಗೆ ಬೆದರಿ ಪಕ್ಕಕ್ಕೆ ಸರಿದುದರಿಂದ, ಹಲ್ಲಿನ ಮೊನೆಯು ಅದರ ತೊಡೆಯನ್ನು ಗೇಣುದ್ದ ಸೀಳಿಬಿಟ್ಟಿತು. ಪಶುವೈದ್ಯರು ಬಂದು ಹೊಲಿಗೆ ಹಾಕಿದರು, ಎತ್ತು ಬದುಕಿತು, ಆದರೆ ಆ ಹಂಗಾಮಿನ ಉಳುಮೆಗೆ ಅದು ಒದಗಲಿಲ್ಲ. ಆ ಎತ್ತಿನ ಕೋಡುಗಳಲ್ಲಿ ಹಿತ್ತಾಳೆಯ ಅಣಸುಗಳು ಹೊಳೆಯುತ್ತಿದ್ದುವು. ಯಜಮಾನರು ಅವುಗಳನ್ನು ನೋಡಿ, “ಸ್ವಾಮಿ, ಎತ್ತಿನ ಕೋಡಿಗೆ ಅಣಸು ಹಾಕಿಸಿದೆ, ಟ್ರಾಕ್ಟರಿನ ಕೋಡನ್ನು ಹಾಗೇ ಬಿಟ್ಟೆ” ಎಂದರು. ಎತ್ತಿನ ಹಿಂದೆಯೇ ಅವರ ಮೊಮ್ಮಗನು ನಡೆದುಬರುತ್ತಿದ್ದನೆಂಬುದನ್ನು ನೆನೆದು ಅಲ್ಲಿದ್ದವರೆಲ್ಲರೂ ಸುಮ್ಮನಾದೆವು. ಮೊಣಕಾಲಿನೆತ್ತರವೆಂದು ನಾವು ಹೇಳುವುದು ಎಳೆಯ ಮಕ್ಕಳಿಗೆ ಎದೆಯ ಎತ್ತರವಾಗಿರುತ್ತದೆ.

ಈ ಕಥೆಯ ಉತ್ತರಭಾಗವನ್ನು ಮುಂದೆ ಹೇಳುವೆವು. ಮೊದಲು ಉಪಕರಣದ ಸ್ವರೂಪವನ್ನು ತಿಳಿದುಕೊಳ್ಳೋಣ.

೧. ಫೋರ್ಕಿನ ಅಂಗಗಳು

ಸರಕನ್ನು ಪೇರಿಸಿ ಒಟ್ಟಿಗೆ ಎತ್ತುವುದಕ್ಕಾಗಿ ಹಲಗೆಗಳಿಂದ ಮಾಡಿದ ಮಣೆಗೆ ಪ್ಯಾಲೆಟ್ಟೆಂದು ಹೆಸರು. ಯೂರೋಪಿನಲ್ಲಿ ಬಳಕೆಯಲ್ಲಿರುವ ಪ್ಯಾಲೆಟ್ಟು ೧೨೦೦ ಮಿಲಿಮೀಟರು ಉದ್ದ, ೮೦೦ ಮಿಲಿಮೀಟರು ಅಗಲ, ೧೪೪ ಮಿಲಿಮೀಟರು ಎತ್ತರವುಳ್ಳದ್ದು. ಅದರಲ್ಲಿ ಫೋರ್ಕು ಹೋಗುವ ಸಂದು ಸುಮಾರು ೧೦೦ ಮಿಲಿಮೀಟರು. ಈ ಸಂದಿನೊಳಕ್ಕೆ ಹೋಗಿ ಹೊರೆಯನ್ನು ಎತ್ತುವ ಎರಡು ಉಕ್ಕಿನ ಪಟ್ಟಿಗಳೇ ಫೋರ್ಕಿನ ಹಲ್ಲುಗಳು. ಮೊದಲು ಉಗ್ರಾಣಗಳಲ್ಲಿಯೂ ಶೈತ್ಯಾಗಾರಗಳಲ್ಲಿಯೂ ಮಾತ್ರ ಇದ್ದ ಈ ಸಾಧನವನ್ನು ಈಗ ಟ್ರಾಕ್ಟರಿನ ಲೋಡರಿಗೂ ಜೋಡಿಸುತ್ತಾರಾಗಿ, ಧಾನ್ಯದ ಮೂಟೆ, ತರಕಾರಿಯ ಕ್ರೇಟು, ಗೊಬ್ಬರದ ಚೀಲ ಮೊದಲಾದುವನ್ನು ಸಾಗಿಸುವುದಕ್ಕೆ ಇದು ಒದಗುತ್ತದೆ.

ಪ್ರತಿಯೊಂದು ಹಲ್ಲೂ ಒತ್ತಕ್ಷರದ ಕೊಂಬಿನಂತೆ ಬಾಗಿರುತ್ತದೆ. ನೆಟ್ಟಗೆ ನಿಲ್ಲುವ ಭಾಗವನ್ನು ನಿಲುಗಾಲೆಂದೂ, ಅಡ್ಡಲಾಗಿ ಮುಂದಕ್ಕೆ ಚಾಚಿರುವ ಭಾಗವನ್ನು ಅಲಗೆಂದೂ, ಇವೆರಡೂ ಕೂಡುವ ಬಾಗನ್ನು ಹಿಮ್ಮಡಿಯೆಂದೂ, ಅಲಗಿನ ತುದಿಯನ್ನು ಮೊನೆಯೆಂದೂ ಈ ಲೇಖನದಲ್ಲಿ ಕರೆಯುವೆವು. ನಿಲುಗಾಲಿನ ಮೇಲ್ತುದಿಯ ಕೊಕ್ಕೆಯು ಯಂತ್ರದ ಚೌಕಟ್ಟಿನ ಮೇಲೆ ಕುಳಿತು, ಒಂದು ಕೀಲಿನಿಂದ ಭದ್ರವಾಗುತ್ತದೆ. ಸಾಮಾನ್ಯವಾದೊಂದು ಹಲ್ಲು ೧೦೦ ಮಿಲಿಮೀಟರು ಅಗಲ, ಹಿಮ್ಮಡಿಯಲ್ಲಿ ೪೦ ಮಿಲಿಮೀಟರು ದಪ್ಪ, ಒಂದು ಮೀಟರಿಗೆ ತುಸು ಮೇಲ್ಪಟ್ಟ ಉದ್ದವುಳ್ಳದ್ದಾಗಿದ್ದು, ಸುಮಾರು ೪೦ ಕಿಲೋಗ್ರಾಮು ತೂಗುತ್ತದೆ.

ಹೊರೆಯ ಭಾರವೆಲ್ಲವೂ ಹಿಮ್ಮಡಿಯ ಮೇಲೆ ಬೀಳುವುದರಿಂದ ಹಲ್ಲಿನ ಜೀವವು ಹಿಮ್ಮಡಿಯಲ್ಲಿದೆ, ಅಪಾಯವು ಮೊನೆಯಲ್ಲಿದೆ. ಮೊನೆಯ ಕಡೆಗೆ ಅಲಗು ತೆಳುವಾಗುತ್ತ ಹೋಗುವುದರಿಂದ ಎದುರಿನಿಂದ ಬರುವವನ ಕಣ್ಣಿಗೆ ಅದು ಒಂದು ಸಣ್ಣ ಗೀಟಿನಂತೆ ತೋರುವುದೇ ಹೊರತು, ಅದರ ಹಿಂದೆ ಒಂದು ಮೀಟರು ಉಕ್ಕು ಇದೆಯೆಂದು ತಿಳಿಯುವುದಿಲ್ಲ. ಮಬ್ಬಿನಲ್ಲಿ ಆ ಗೀಟೂ ಕಾಣುವುದಿಲ್ಲ.

೨. ಕವಚಗಳ ಬಗೆಗಳು

ಕವಚಗಳು ಎರಡು ಉದ್ದೇಶಗಳಿಗಾಗಿ ಇರುವುವು, ಇವುಗಳನ್ನು ಬೆರೆಸಿಕೊಳ್ಳಬಾರದು.

(ಅ) ನಿಲುಗಡೆಯ ಕವಚ: ಯಂತ್ರವು ನಿಂತಿರುವಾಗಲೂ, ಹೊರೆಯಿಲ್ಲದೆ ದಾರಿಯಲ್ಲಿ ಹೋಗುವಾಗಲೂ ಮೊನೆಗಳನ್ನು ಮುಚ್ಚುವಂಥಾದ್ದು. ಇದು ಮನುಷ್ಯರ ಮತ್ತು ದನಕರುಗಳ ರಕ್ಷಣೆಗಾಗಿ ಇದೆ. ಹೊರೆಯನ್ನು ಎತ್ತುವ ಮುಂಚೆ ಇದನ್ನು ತೆಗೆದಿಡತಕ್ಕದ್ದು.

(ಆ) ಕೆಲಸದ ಕವಚ: ಹೊರೆಯನ್ನು ಎತ್ತುತ್ತಿರುವಾಗಲೇ ಅಲಗಿನ ಮೇಲೆ ಇರುವಂಥಾದ್ದು. ಇದನ್ನು ರಬ್ಬರಿನಿಂದಾಗಲಿ ಪಾಲಿಯುರಿಥೇನೆಂಬ ಗಟ್ಟಿಯಾದ ಸಂಯೋಜಿತ ಪದಾರ್ಥದಿಂದಾಗಲಿ ಮಾಡಿರುತ್ತಾರೆ. ಉಕ್ಕಿನ ಮೇಲೆ ಪ್ಲಾಸ್ಟಿಕ್ಕಿನ ಕ್ರೇಟು ಜಾರದಂತೆಯೂ, ಅಲಗಿನ ಅಂಚಿಗೆ ಉಜ್ಜಿ ಗೋಣಿಚೀಲಗಳು ಹರಿಯದಂತೆಯೂ ಇದು ಕಾಪಾಡುತ್ತದೆ. ಒಂದು ಚೀಲದಲ್ಲಿ ಬೆರಳು ತೂರುವಷ್ಟು ತೂತಾದರೂ ಕಾಳು ಸೋರುವುದಲ್ಲದೆ, ಉಗ್ರಾಣದ ನೆಲದಲ್ಲಿ ಇಲಿಗಳಿಗೂ ಹುಳುಗಳಿಗೂ ಆಹಾರವನ್ನು ಚೆಲ್ಲಿದಂತಾಗುತ್ತದೆ.

ಇವೆರಡೂ ಅಲ್ಲದ ಮೂರನೆಯ ವಸ್ತುವೊಂದುಂಟು. ಯಾವುದೆಂದರೆ, ಹಲ್ಲನ್ನು ಉದ್ದಮಾಡುವ ಉಕ್ಕಿನ ಒರೆ. ಇದು ಕವಚದಂತೆ ಕಂಡರೂ ಕವಚವಲ್ಲ. ಇದರ ಒಳಗಿರುವ ಹಲ್ಲಿನ ಉದ್ದವು ಒರೆಯ ಉದ್ದದಲ್ಲಿ ನೂರಕ್ಕೆ ೬೦ ಭಾಗಕ್ಕೆ ಕಡಮೆಯಿರಕೂಡದೆಂದು ನಿಯಮವಿದೆ. ಅಲ್ಲದೆ ಹೊರೆಯು ಮುಂದಕ್ಕೆ ಹೋದಷ್ಟೂ ಹಿಮ್ಮಡಿಯು ಹೊರುವ ಶಕ್ತಿಯು ಕುಗ್ಗುತ್ತದೆ. ಹೊರೆಯ ನಡುವು ನಿಲುಗಾಲಿನಿಂದ ೫೦೦ ಮಿಲಿಮೀಟರು ದೂರದಲ್ಲಿದ್ದಾಗ ೧೦೦೦ ಕಿಲೋಗ್ರಾಮನ್ನು ತಾಳುವ ಹಿಮ್ಮಡಿಯು, ಅದೇ ನಡುವು ೭೫೦ ಮಿಲಿಮೀಟರಿಗೆ ಸರಿದರೆ ಸುಮಾರು ೬೬೬ ಕಿಲೋಗ್ರಾಮನ್ನು ಮಾತ್ರ ತಾಳುತ್ತದೆ. ಟ್ರಾಕ್ಟರು ಮುಂದಕ್ಕೆ ಮಗುಚುವ ಭಯವು ಇದಕ್ಕೆ ಬೇರೆಯಾಗಿದೆ. ಆದ್ದರಿಂದ ಒರೆಯನ್ನು ಕವಚವೆಂದು ಭಾವಿಸಿ ಕೊಂಡುಕೊಳ್ಳಬಾರದು.

೩. ಮೊದಲು ಹಲ್ಲಿನ ಪರೀಕ್ಷೆ, ಆಮೇಲೆ ಕವಚ

ಇಲ್ಲಿ ಮೇಲ್ಕಂಡ ಕಥೆಯ ಉತ್ತರಭಾಗವನ್ನು ಹೇಳಬೇಕಾಗಿದೆ. ಮರುವರ್ಷ ಈ ಲೇಖಕನು ಅದೇ ಗ್ರಾಮಕ್ಕೆ ಹೋದಾಗ ಆ ಯಜಮಾನರು ಸಂತೋಷದಿಂದ ಟ್ರಾಕ್ಟರನ್ನು ತೋರಿಸಿದರು. ಎರಡು ಹಲ್ಲುಗಳಿಗೂ ಮೊನೆಯಿಂದ ಹಿಮ್ಮಡಿಯವರೆಗೆ ದಪ್ಪನೆಯ ರಬ್ಬರಿನ ಕವಚವಿತ್ತು. ಹಾಕಿಸಿದಂದಿನಿಂದ ತೆಗೆದೇ ಇರಲಿಲ್ಲ. ತೆಗೆಯಿಸಿ ನೋಡಲಾಗಿ ಒಳಗೆ ಕೆಸರೂ ತುಕ್ಕೂ ಸೇರಿಕೊಂಡಿದ್ದುವು. ಅವುಗಳನ್ನು ತಂತಿಯ ಕುಂಚದಿಂದ ಉಜ್ಜಿದ ಮೇಲೆ ಎಡಗಡೆಯ ಹಲ್ಲಿನ ಹಿಮ್ಮಡಿಯಲ್ಲಿ ಕೂದಲೆಳೆಯಂತಹ ಬಿರುಕು ಅಡ್ಡಲಾಗಿ ಕಾಣಿಸಿತು. ಆ ಹಲ್ಲಿನ ಮೇಲೆ ಅಂದು ಬೆಳಗ್ಗೆ ತಾನೆ ಗೊಬ್ಬರದ ಚೀಲಗಳನ್ನು ಎತ್ತಿದ್ದರು. ಆಳುಗಳು ಪಕ್ಕದಲ್ಲಿಯೇ ನಿಂತಿದ್ದರು. ಇದರಿಂದ ತಿಳಿಯಬೇಕಾದುದೇನೆಂದರೆ: ಕವಚವು ಹಲ್ಲಿನ ಮೊನೆಯನ್ನು ಮರೆಮಾಡಬೇಕು, ಹಲ್ಲಿನ ದೋಷವನ್ನು ಮರೆಮಾಡಬಾರದು. ಈ ಲೇಖನದ ಮುಖ್ಯಾಂಶವು ಇಷ್ಟೆ.

ಎತ್ತುಯಂತ್ರಗಳ ಹಲ್ಲುಗಳ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ೫೦೫೭ನೆಯ ಮಾನಕವು ಕ್ರಮವನ್ನು ಗೊತ್ತುಮಾಡಿದೆ. ಟ್ರಾಕ್ಟರಿನ ಫೋರ್ಕಿಗೂ ಅದನ್ನೇ ಅನುಸರಿಸುವುದು ಕ್ಷೇಮಕರ. ಹನ್ನೆರಡು ತಿಂಗಳಿಗೆ ಒಂದು ಸಲಕ್ಕೆ ಕಡಮೆಯಿಲ್ಲದಂತೆಯೂ, ಕೆಲಸವು ಹೆಚ್ಚಾಗಿದ್ದರೆ ಇನ್ನೂ ಬೇಗಬೇಗನೆಯೂ ಪರೀಕ್ಷೆಯನ್ನು ನಡೆಸತಕ್ಕದ್ದು. ಅದರ ಅಂಶಗಳಾವುವೆಂದರೆ:

ಒಂದನೆಯದು, ಸವೆತ. ಹಲ್ಲನ್ನು ನೆಲದ ಮೇಲೆ ಎಳೆದಾಡುವುದರಿಂದ ಹಿಮ್ಮಡಿಯ ತಳವು ಸವೆಯುತ್ತದೆ. ನಿಲುಗಾಲು ಸವೆಯುವುದಿಲ್ಲವಾದ್ದರಿಂದ ಅದರ ದಪ್ಪವನ್ನು ಕ್ಯಾಲಿಪರಿನಿಂದ ಅಳೆದು ಮೂಲದ ದಪ್ಪವೆಂದು ಇಟ್ಟುಕೊಂಡು, ಹಿಮ್ಮಡಿಯ ಬಳಿ ಅಲಗಿನ ದಪ್ಪವನ್ನು ಅದಕ್ಕೆ ಹೋಲಿಸಬೇಕು. ನೂರಕ್ಕೆ ೧೦ ಭಾಗ ಸವೆದಿದ್ದರೆ ಹಲ್ಲನ್ನು ಕೆಲಸದಿಂದ ತೆಗೆದುಬಿಡತಕ್ಕದ್ದು. ೪೦ ಮಿಲಿಮೀಟರಿನ ಹಲ್ಲು ೩೬ಕ್ಕೆ ಇಳಿದರೆ “ನಾಲ್ಕೇ ಮಿಲಿಮೀಟರಲ್ಲವೆ” ಎಂದು ಉದಾಸೀನ ಮಾಡುವವರುಂಟು. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯು ದಪ್ಪದ ವರ್ಗವನ್ನು ಅನುಸರಿಸುವುದು. ೪೦ರ ವರ್ಗ ೧೬೦೦, ೩೬ರ ವರ್ಗ ೧೨೯೬. ಎಂದರೆ ಹತ್ತನೆಯ ಒಂದು ಭಾಗ ಸವೆದರೆ ಶಕ್ತಿಯಲ್ಲಿ ಐದನೆಯ ಒಂದು ಭಾಗ ಹೋದಂತಾಯಿತು.

ಎರಡನೆಯದು, ಬಿರುಕು. ಹಿಮ್ಮಡಿಯನ್ನೂ ಕೊಕ್ಕೆಯ ಬೆಸುಗೆಯನ್ನೂ ಚೊಕ್ಕಟಮಾಡಿ, ಸೀಮೆಎಣ್ಣೆಯನ್ನು ಸವರಿ, ಕಾಲು ಗಂಟೆಯ ಮೇಲೆ ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಬೇಕು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆಯು ಹೊರಕ್ಕೆ ಬಂದು ಸುಣ್ಣದ ಮೇಲೆ ಗೀಟನ್ನು ಮೂಡಿಸುತ್ತದೆ. ಬೆಂಕಿಯನ್ನು ದೂರವಿಡಬೇಕು. ಇದು ಹಳ್ಳಿಯಲ್ಲಿ ಮಾಡಬಹುದಾದ ಮೊದಲನೆಯ ಪರೀಕ್ಷೆ ಮಾತ್ರ. ಗೀಟು ಮೂಡದಿದ್ದರೂ ಸಂದೇಹವಿದ್ದರೆ ಕಾರ್ಖಾನೆಗೆ ಕಳುಹಿಸಿ ಪರೀಕ್ಷಿಸಬೇಕು.

ಮೂರನೆಯದು, ಸೊಟ್ಟ. ಎರಡು ಮೊನೆಗಳ ಎತ್ತರದಲ್ಲಿರುವ ವ್ಯತ್ಯಾಸವು ಅಲಗಿನ ಉದ್ದದ ನೂರಕ್ಕೆ ೩ ಭಾಗವನ್ನು ಮೀರಬಾರದು. ೧೦೦೦ ಮಿಲಿಮೀಟರು ಅಲಗಿಗೆ ಇದು ೩೦ ಮಿಲಿಮೀಟರು. ನಿಲುಗಾಲಿಗೂ ಅಲಗಿಗೂ ನಡುವೆ ಇರುವ ಕೋನವು ೯೩ ಅಂಶಗಳನ್ನು ಮೀರಿದರೂ ಹಲ್ಲನ್ನು ತೆಗೆಯಬೇಕು.

ನಾಲ್ಕನೆಯದು, ಕೀಲು ಮತ್ತು ಮುದ್ರೆ. ಕೀಲು ತನ್ನ ಗುಳಿಯಲ್ಲಿ ಗಟ್ಟಿಯಾಗಿ ಕೂರಬೇಕು. ಹಲ್ಲಿನ ಪಕ್ಕದಲ್ಲಿ ಒತ್ತಿರುವ ಭಾರದ ಅಂಕೆಯು ಓದುವಂತಿರಬೇಕು.

೪. ನಿಲುಗಡೆಯ ಕವಚವನ್ನು ಊರಿನಲ್ಲಿಯೇ ಮಾಡಿಸುವ ರೀತಿ

ಅಂಗಡಿಯ ಕವಚವು ದೊರೆಯದಿದ್ದಲ್ಲಿ ಊರಿನ ಬಡಗಿಯಿಂದಲೇ ಇದನ್ನು ಮಾಡಿಸಬಹುದು. ಮೇಲೆ ಹೇಳಿದ ೧೦೦ ಮಿಲಿಮೀಟರು ಅಗಲ, ೪೦ ಮಿಲಿಮೀಟರು ದಪ್ಪದ ಹಲ್ಲಿಗೆ ಅಳತೆಗಳನ್ನು ಕೊಟ್ಟಿದೆ. ಬೇರೆ ಹಲ್ಲಾದರೆ ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳತಕ್ಕದ್ದು.

ಬೇವು ಅಥವಾ ಹಲಸಿನ ೨೦ ಮಿಲಿಮೀಟರು ದಪ್ಪದ ಹಲಗೆಗಳಿಂದ ೫೦೦ ಮಿಲಿಮೀಟರು ಉದ್ದದ ಎರಡು ಪೆಟ್ಟಿಗೆಯಾಕಾರದ ಒರೆಗಳನ್ನು ಕೂಡಿಸಬೇಕು. ಒಳಗಡೆಯ ಅಗಲ ೧೦೬, ಎತ್ತರ ೪೬ ಮಿಲಿಮೀಟರು ಇದ್ದರೆ ಹಲ್ಲಿನ ಸುತ್ತಲೂ ೩ ಮಿಲಿಮೀಟರು ಸಡಿಲವಿರುತ್ತದೆ. ತಿರುಪುಮೊಳೆಗಳ ತುದಿಯು ಒಳಕ್ಕೆ ಇಣುಕಬಾರದು. ಒರೆಯ ಮುಂದಿನ ಬಾಯನ್ನು ೫೦ ಮಿಲಿಮೀಟರು ದಪ್ಪದ ಮರದ ತುಂಡಿನಿಂದ ಮುಚ್ಚಬೇಕು. ಮಳೆಯ ನೀರು ಇಳಿದುಹೋಗುವುದಕ್ಕಾಗಿ ತಳದಲ್ಲಿ ೧೦ ಮಿಲಿಮೀಟರಿನ ಎರಡು ತೂತುಗಳಿರಲಿ.

ಹೀಗಾದ ಎರಡು ಒರೆಗಳನ್ನೂ ಮುಂದುಗಡೆಯಲ್ಲಿ ೧೫೦ ಮಿಲಿಮೀಟರು ಎತ್ತರದ ಒಂದೇ ಹಲಗೆಯಿಂದ ಅಡ್ಡಲಾಗಿ ಜೋಡಿಸತಕ್ಕದ್ದು. ಹಲ್ಲುಗಳ ಹೊರಮೈಯಿಂದ ಹೊರಮೈಗೆ ೭೦೦ ಮಿಲಿಮೀಟರಿದ್ದರೆ ಹಲಗೆಯು ೭೫೦ ಮಿಲಿಮೀಟರು ಉದ್ದವಿರಬೇಕು. ಇದರಿಂದ, ಎರಡು ಮೊನೆಗಳಿದ್ದ ಕಡೆ ಒಂದು ಚಪ್ಪಟೆಯಾದ ಹಲಗೆ ಎದುರಾಗುವುದು. ಯಾರಾದರೂ ತಗುಲಿದರೂ ಚುಚ್ಚುವುದಿಲ್ಲ. ಹಲಗೆಯ ಅಂಚುಗಳನ್ನು ಉರುಟಾಗಿ ಉಜ್ಜಿ, ಕೆಂಪು ಬಿಳುಪಿನ ಪಟ್ಟೆಗಳನ್ನು ಬಳಿದು, ಎದುರು ಮುಖಕ್ಕೆ ಬೆಳಕನ್ನು ಹಿಂದಿರುಗಿಸುವ ಬಿಳಿಯ ಪಟ್ಟಿಯನ್ನು ಅಂಟಿಸಬೇಕು. ಪ್ರತಿಯೊಂದು ಒರೆಯ ಹಿಂದುಗಡೆಗೂ ಒಂದು ಬಳೆಯನ್ನು ಬಿಗಿದು, ಅದರಿಂದ ಚೌಕಟ್ಟಿಗೆ ಕೊಕ್ಕೆಯುಳ್ಳ ಸರಪಣಿಯನ್ನು ಎಳೆದು ಕಟ್ಟಬೇಕು. ಹಗ್ಗವು ಉಜ್ಜಿ ಹರಿಯುವುದರಿಂದ ಅದನ್ನು ನೆಚ್ಚಬಾರದು.

೫. ತೊಡಿಸುವ ಕ್ರಮ

(೧) ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಹಾಕಿ, ಫೋರ್ಕನ್ನು ಎರಡು ಮರದ ದಿಮ್ಮಿಗಳ ಮೇಲೆ ಪೂರ್ತಿಯಾಗಿ ಇಳಿಸಬೇಕು. ಎಂಜಿನನ್ನು ನಿಲ್ಲಿಸಿ ಬೀಗದ ಕೈಯನ್ನು ತೆಗೆದು ಕವಚವನ್ನು ತೊಡಿಸುವವನೇ ಇಟ್ಟುಕೊಳ್ಳಬೇಕು. ಎಣ್ಣೆಯ ಒತ್ತಡದಿಂದ ನಿಂತಿರುವ ಫೋರ್ಕಿನ ಕೆಳಗೆ ಯಾರೂ ಹೋಗಕೂಡದು. ಕೊಳವೆಯೊಂದು ಒಡೆದರೆ ಅದು ತಟ್ಟನೆ ಬೀಳುತ್ತದೆ.

(೨) ಅಲಗಿನ ಕೆಸರು, ತುಕ್ಕು, ಎಣ್ಣೆಗಳನ್ನು ಒರಸಿ ಒಣಗಿಸಬೇಕು; ಹಿಮ್ಮಡಿಯನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು.

(೩) ಹಲ್ಲುಗಳ ಅಂತರವನ್ನು ಸರಿಮಾಡಿ ಎರಡು ಕೀಲುಗಳನ್ನೂ ಹಾಕಬೇಕು.

(೪) ಕವಚವನ್ನು ಇಬ್ಬರು ಹಿಡಿದು, ಮೊನೆಯ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತು, ಹಿಂದಕ್ಕೆ ನೂಕಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಬಾರದು.

(೫) ಸರಪಣಿಯನ್ನು ಬಿಗಿದು, ಕವಚವನ್ನು ಮುಂದಕ್ಕೆ ಜಗ್ಗಿ ನೋಡಬೇಕು. ಎರಡು ಬೆರಳಿನ ಅಗಲಕ್ಕಿಂತ ಹೆಚ್ಚಾಗಿ ಸರಿದರೆ ಪುನಃ ಬಿಗಿಯಬೇಕು.

ರಾತ್ರಿಯಲ್ಲಿ ನಿಲ್ಲಿಸುವಾಗ ಕವಚವಿದ್ದರೂ ಫೋರ್ಕನ್ನು ನೆಲಕ್ಕೆ ಇಳಿಸಿ, ಮೊನೆಗಳು ಗೋಡೆಯ ಕಡೆಗಿರುವಂತೆ ನಿಲ್ಲಿಸುವುದು ಮೇಲು. ರಸ್ತೆಯಲ್ಲಿ ದೂರ ಹೋಗಬೇಕಾದರೆ ಹಲ್ಲುಗಳನ್ನೇ ಬಿಚ್ಚಿ ಟ್ರೇಲರಿನಲ್ಲಿ ಭದ್ರವಾಗಿ ಕಟ್ಟಿಕೊಂಡು ಹೋಗತಕ್ಕದ್ದು.

೬. ಕೆಲಸದ ಕವಚದ ವಿಷಯದಲ್ಲಿ ಎಚ್ಚರಿಕೆಗಳು

ಕೊಳ್ಳುವುದಕ್ಕೆ ಮುಂಚೆ ದಪ್ಪವನ್ನು ಲೆಕ್ಕಹಾಕಬೇಕು. ೪೦ ಮಿಲಿಮೀಟರಿನ ಹಲ್ಲಿಗೆ ಮೇಲೆ ಕೆಳಗೆ ಹತ್ತು ಹತ್ತು ಮಿಲಿಮೀಟರಿನ ಕವಚವನ್ನು ತೊಡಿಸಿದರೆ ೬೦ ಮಿಲಿಮೀಟರಾಗುವುದು. ೧೦೦ ಮಿಲಿಮೀಟರಿನ ಸಂದಿನಲ್ಲಿ ೪೦ ಮಾತ್ರ ಉಳಿಯುವುದು. ಚಾಲಕನು ಇದನ್ನರಿಯದೆ ಹಿಂದಿನಂತೆಯೇ ನುಗ್ಗಿಸಿದರೆ ಪ್ಯಾಲೆಟ್ಟಿನ ಹಲಗೆಯು ಮುರಿಯುತ್ತದೆ. ಕವಚವು ಮೊನೆಯನ್ನು ದಾಟಿ ಬಹಳವಾಗಿ ಮುಂದಕ್ಕೆ ಚಾಚಿದ್ದರೆ ಹಿಂದಿರುವ ಇನ್ನೊಂದು ಹೊರೆಗೆ ತಗುಲಿ ಅದನ್ನು ನೂಕುತ್ತದೆ.

ಕೆಲವು ಕವಚಗಳು ಹಿಮ್ಮಡಿಯ ಹಿಂದೆ ಅಡ್ಡಕೀಲಿನಿಂದಲೂ, ಕೆಲವು ಬಿಗಿಯುವ ತಿರುಪಿನಿಂದಲೂ, ಕೆಲವು ಅಯಸ್ಕಾಂತದಿಂದಲೂ ನಿಲ್ಲುತ್ತವೆ. ಅಯಸ್ಕಾಂತದವುಗಳನ್ನು ಹಚ್ಚುವ ಮುಂಚೆ ಅಲಗಿನ ಮತ್ತು ಕವಚದ ಮೈಯನ್ನು ಚೊಕ್ಕಟಮಾಡಬೇಕು; ನಡುವೆ ಕೆಸರಿನ ಪದರವಿದ್ದರೂ ಹಿಡಿತವು ಬಹಳ ಕುಗ್ಗುವುದು. ಸಡಿಲವಾದ ಕವಚವು ಬರಿಯ ಹಲ್ಲಿಗಿಂತ ಕೆಟ್ಟದ್ದು. ಏಕೆಂದರೆ ಹೊರೆಯನ್ನು ಎತ್ತಿದ ಮೇಲೆ ಕವಚವೇ ಜಾರಿ ಹೊರೆಯನ್ನು ತನ್ನೊಡನೆ ತರುತ್ತದೆ. ರಬ್ಬರಿಗೆ ಡೀಸಲೂ ಗ್ರೀಸೂ ತಗುಲಿದರೆ ಅದು ಉಬ್ಬಿ ಮೆತ್ತಗಾಗುವುದು; ಶೈತ್ಯಾಗಾರದ ಚಳಿಯಲ್ಲಿ ಅದೇ ರಬ್ಬರು ಗಡುಸಾಗುವುದು. ವಾರಕ್ಕೊಮ್ಮೆಯಾದರೂ ಇದನ್ನು ಕಳಚಿ, ಒಳಗನ್ನು ಒರಸಿ, ಹಿಮ್ಮಡಿಯನ್ನು ನೋಡಿ, ಪುನಃ ತೊಡಿಸತಕ್ಕದ್ದು.

೭. ಮಾಡಬಾರದ ಕೆಲಸಗಳು

ಕವಚವನ್ನು ನಿಲ್ಲಿಸುವುದಕ್ಕಾಗಿ ಹಲ್ಲಿಗೆ ತೂತು ಕೊರೆಯಬಾರದು. ಬಳೆಯನ್ನಾಗಲಿ ಪಟ್ಟಿಯನ್ನಾಗಲಿ ಬೆಸೆಯಬಾರದು. ಹಲ್ಲು ಕಾಯಿಸಿ ಹದಮಾಡಿದ ಉಕ್ಕಿನದಾದ್ದರಿಂದ ಬೆಸುಗೆಯ ಬಿಸಿಯು ಆ ಹದವನ್ನು ಕೆಡಿಸುವುದು. ತೂತಿನ ಅಂಚಿನಿಂದ ಬಿರುಕು ಹೊರಡುವುದು. ಬಿರುಕು ಬಿಟ್ಟ ಹಲ್ಲನ್ನು ಊರಿನ ಬೆಸುಗೆಯವನಿಂದ ಸರಿಮಾಡಿಸಿ ಮತ್ತೆ ಬಳಸಕೂಡದು. ಸೊಟ್ಟವಾದುದನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದೂ ತಪ್ಪು. ಒಂದು ಹಲ್ಲು ಹೋದರೆ ಜೊತೆಯನ್ನೇ ಬದಲಾಯಿಸುವುದು ಉಚಿತ. ಹೊಸದಕ್ಕೂ ಸವೆದುದಕ್ಕೂ ಹೊರೆಯು ಸಮನಾಗಿ ಹಂಚುವುದಿಲ್ಲ.

೮. ಗ್ರಾಮದ ಮುಖಂಡರು ವಹಿಸಬೇಕಾದ ಮುತುವರ್ಜಿ

ಯಂತ್ರವು ಒಬ್ಬನದಾದರೂ ಓಣಿಯು ಎಲ್ಲರದು. ಆದ್ದರಿಂದ ಗ್ರಾಮದ ಮುಖಂಡರು ಮೂರು ಕೆಲಸಗಳನ್ನು ಮಾಡಿಸಬಹುದು. ತಮ್ಮ ಗ್ರಾಮದಲ್ಲಿರುವ ಮತ್ತು ಬಾಡಿಗೆಗೆ ಬರುವ ಫೋರ್ಕುಗಳು ಎಷ್ಟೆಂಬುದನ್ನು ಬರೆದಿಟ್ಟುಕೊಳ್ಳುವುದು; ಓಣಿಯಲ್ಲಿ ನಿಲ್ಲುವ ಯಾವ ಫೋರ್ಕೂ ಕವಚವಿಲ್ಲದೆ ನಿಲ್ಲಬಾರದೆಂದು ಊರಿನವರು ಕೂಡಿ ನಿಶ್ಚಯಿಸಿಕೊಳ್ಳುವುದು; ಪ್ರತಿ ವರ್ಷ ಯುಗಾದಿಗೆ ಮುಂಚೆ ಒಂದು ದಿವಸವನ್ನು ಗೊತ್ತುಮಾಡಿ ಹಲ್ಲುಗಳ ಪರೀಕ್ಷೆಯನ್ನು ನಡೆಸಿ ಒಂದು ಪುಸ್ತಕದಲ್ಲಿ ತಾರೀಖು, ನಿಲುಗಾಲಿನ ದಪ್ಪ, ಹಿಮ್ಮಡಿಯ ದಪ್ಪ, ಬಿರುಕು ಉಂಟೇ ಇಲ್ಲವೇ, ನೋಡಿದವರ ರುಜು ಇಷ್ಟನ್ನು ಬರೆಯಿಸುವುದು. ಮೂರು ವರ್ಷದ ಅಂಕೆಗಳನ್ನು ಒಟ್ಟಿಗೆ ನೋಡಿದರೆ ಯಾವ ಹಲ್ಲು ಯಾವಾಗ ನಿವೃತ್ತಿಗೆ ಬರುವುದೆಂಬುದು ತಾನಾಗಿಯೇ ತಿಳಿಯುವುದು.

ಇದಕ್ಕೆ ಬೇಕಾಗುವ ಸಾಮಾನು ನಾಲ್ಕಾರು ಹಲಗೆ, ಎರಡು ಮಾರು ಸರಪಣಿ, ಒಂದು ಕ್ಯಾಲಿಪರು, ಒಂದು ತುಂಡು ಸೀಮೆಸುಣ್ಣ ಇಷ್ಟೇ. ಮೇಲೆ ಹೇಳಿದ ಯಜಮಾನರು ಬಿರುಕು ಬಿಟ್ಟ ಹಲ್ಲಿನ ಜೊತೆಯನ್ನು ಅಂದೇ ಬಿಚ್ಚಿಸಿ ಹೊಸ ಜೊತೆಯನ್ನು ತರಿಸಿದರು. ಈಗ ಅವರ ಮನೆಯಲ್ಲಿ ಸಂಜೆ ಟ್ರಾಕ್ಟರು ಬಂದು ನಿಂತೊಡನೆ, ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟುವಷ್ಟೇ ಸಹಜವಾಗಿ, ಆಳು ಮಗನು ಕೆಂಪು ಬಿಳುಪಿನ ಹಲಗೆಯನ್ನು ತಂದು ಮೊನೆಗಳಿಗೆ ತೊಡಿಸುತ್ತಾನೆ. ಭಾನುವಾರ ಬೆಳಗ್ಗೆ ಹಿಮ್ಮಡಿಯನ್ನು ಒರಸಿ ನೋಡುತ್ತಾನೆ. ವಾಚಕ ಮಹಾಶಯರು ತಮ್ಮ ತಮ್ಮ ಗ್ರಾಮಗಳಲ್ಲಿ ಈ ವಾಡಿಕೆಯನ್ನು ಮುಂಬರುವ ಸುಗ್ಗಿಗೆ ಮೊದಲೇ ಆಚರಣೆಗೆ ತರಬೇಕೆಂದು ಪ್ರಾರ್ಥಿಸುತ್ತೇವೆ.